ಎಂಜಿಬಿ ಕಾರಿನ ಹೊಸ ಮಡಚುವ ಟಾಪ್ ವಿಂಡ್‌ಸ್ಕ್ರೀನ್‌ವರೆಗೆ ಯಾಕೆ ಎಟಕುವುದಿಲ್ಲ?

ಹೆಚ್ಚಿನ ಸಲ ಟಾಪ್ ಚಿಕ್ಕದಾಗಿರುವುದಿಲ್ಲ, ತಣ್ಣಗಿರುತ್ತದೆ ಅಷ್ಟೇ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ತೆರೆದ ಸ್ಪೋರ್ಟ್ಸ್ ಕಾರಿಗೆ ಸಾಮಾನ್ಯವಾಗಿ ಹಾಕುವುದು ವಿನೈಲ್ ಟಾಪ್. ವಿನೈಲ್ ಒಂದು ಬಗೆಯ ಪ್ಲಾಸ್ಟಿಕ್. ಚಳಿಗೆ ಬಿಗಿಯುತ್ತದೆ, ಬಿಸಿಗೆ ಮೆತ್ತಗಾಗಿ ಹಿಗ್ಗುತ್ತದೆ. ಅದಕ್ಕೇ ಒಂದೆರಡು ಗಂಟೆ ಬಿಸಿಲಲ್ಲಿ ಹರಡಿಟ್ಟು ಆಮೇಲೆ ಕೆಲಸ ಶುರು ಮಾಡಿ.

ಅದಕ್ಕೂ ಮೊದಲು ಟಾಪನ್ನು ಹೊರುವ ಕಬ್ಬಿಣದ ಚೌಕಟ್ಟು ನೋಡಿ. ಅದು ಬಾಗಿದ್ದರೆ ಬಟ್ಟೆ ಎಷ್ಟು ಎಳೆದರೂ ಸುಮ್ನೆ. ಬಾಗಿಲು, ಕಿಟಕಿ ಗಾಜು ಸರಿಯಾಗಿ ಕೂತಿರಬೇಕು.

ಟಾಪನ್ನು ಮೊದಲು ಹಿಂದೆ ಸಿಕ್ಕಿಸಿ. ಚೌಕಟ್ಟಿನ ಮುಂದಿನ ಅಡ್ಡಪಟ್ಟಿಯನ್ನು ವಿಂಡ್‌ಸ್ಕ್ರೀನಿಗೆ ಕೊಕ್ಕೆಯಿಂದ ಬಿಗಿದು, ಬಟ್ಟೆಯನ್ನು ನಡುವಿನಿಂದ ಎರಡೂ ಬದಿಗೆ ಸಮನಾಗಿ ಎಳೆದು, ಪಟ್ಟಿಯ ಅಂಚು ಬರುವಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ಕೊಕ್ಕೆ ಬಿಚ್ಚಿ, ಬಟ್ಟೆಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆದು ಅಡ್ಡಪಟ್ಟಿಗೆ ಅಂಟಿಸಿ. ಗೆರೆ ಅಂಚನ್ನು ಸ್ವಲ್ಪವೇ ದಾಟಿರಲಿ. ಈ ಸ್ವಲ್ಪದಲ್ಲೇ ಎಲ್ಲ ಇದೆ: ಮತ್ತೆ ಕೊಕ್ಕೆ ಹಾಕಿದಾಗ ಅಡ್ಡಪಟ್ಟಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಸುಕ್ಕು ತೆಗೆಯುತ್ತದೆ. ಜಾಸ್ತಿ ಎಳೆದು ಅಂಟಿಸಿದರೆ ಕೊಕ್ಕೆಯೇ ಹತ್ತುವುದಿಲ್ಲ. ಹಾಗಾಗಿ ಮೊದಲು ಕ್ಲಿಪ್ ಹಾಕಿ ಪರೀಕ್ಷಿಸಿ, ಅಂಟು ಆಮೇಲೆ. ಬದಿಯ ಪ್ರೆಸ್ ಬಟನ್‌ಗಳ ತೂತು ಕೊನೆಗೇ ಇರಲಿ, ಯಾಕಂದ್ರೆ ತಪ್ಪಿ ಕೊರೆದ ತೂತು ಮತ್ತೆ ಮುಚ್ಚುವುದಿಲ್ಲ.

ಕೆಲಸ ಮುಗಿದ ಮೇಲೆ ಕೆಲವು ದಿನ ಟಾಪ್ ಮುಚ್ಚಿಯೇ ಇಡಿ, ಬಟ್ಟೆ ಆ ಆಕಾರಕ್ಕೆ ಒಗ್ಗಲಿ. ಚಳಿಯಲ್ಲಿ ಮಾತ್ರ ಮಡಚಬೇಡಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಬಿರುಕು ಬಿಡಬಹುದು.