ಶಬ್ದದಿಂದ ಕೆಮಿಸ್ಟ್ರಿ ನಡೆಯುತ್ತಾ?

ಪ್ರಶ್ನೆ: ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಬಿಗಿನೆಲ್ಲಿ ಕ್ರಿಯೆ (ಮೂರು ರಾಸಾಯನಿಕಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ಹೊಸ ಅಣು ಮಾಡುವ ಕ್ರಿಯೆ) ಮಾಡುತ್ತಿದ್ದೇವೆ. ಆಲ್ಡಿಹೈಡ್, ಯೂರಿಯಾ, ಈಥೈಲ್ ಅಸಿಟೋಅಸಿಟೇಟ್ ಮೂರನ್ನೂ ಎಥನಾಲ್‌ಗೆ ಹಾಕಿ, ಕ್ರಿಯೆ ಚುರುಕಾಗಲೆಂದು ಚೂರು ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ನ್ಯಾನೊ ಕಣ ಸೇರಿಸಿ, ಅಲ್ಟ್ರಾಸೌಂಡ್ ಅಂದರೆ ಕಿವಿಗೆ ಕೇಳದ ಶಬ್ದ ಹಾಯಿಸುವ ಸೋನಿಕೇಟರ್‌ನಲ್ಲಿ ಇಡುತ್ತೇವೆ. ಗಂಟೆಗಟ್ಟಲೆ ಕುದಿಸುವ ಕೆಲಸ ಬೇಗ ಮುಗಿಯುತ್ತದೆ. ಬರೀ ಶಬ್ದಕ್ಕೆ ಇಷ್ಟು ಶಕ್ತಿ ಎಲ್ಲಿಂದ? ಇದು ನಿಜಕ್ಕೂ ಹಸಿರು ವಿಧಾನವೇ?
– ಓದುಗರು, ದಾವಣಗೆರೆ

ಉತ್ತರ: ಶಬ್ದ ನೇರವಾಗಿ ಏನೂ ಮಾಡುವುದಿಲ್ಲ, ಕೆಲಸವೆಲ್ಲ ಗುಳ್ಳೆಯದು. ಲ್ಯಾಬಿನ ಸೋನಿಕೇಟರ್ ಸಾಮಾನ್ಯವಾಗಿ ಸೆಕೆಂಡಿಗೆ 40,000 ಸಲದ ಆಸುಪಾಸಿನಲ್ಲಿ ಕಂಪಿಸುತ್ತದೆ. ಅಲೆ ಹಾಯುವಾಗ ದ್ರವ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಹಿಗ್ಗಿದಾಗ ಹುಟ್ಟಿದ ಪುಟ್ಟ ಗುಳ್ಳೆ ಬೆಳೆಯುತ್ತಾ ಹೋಗಿ, ಒಂದು ಹಂತದಲ್ಲಿ ತಡೆಯಲಾರದೆ ಒಳಕ್ಕೆ ಕುಸಿಯುತ್ತದೆ. ಆ ಕ್ಷಣ ಅದರೊಳಗೆ ಸುಮಾರು 5,000 ಡಿಗ್ರಿ ಬಿಸಿ, ವಾತಾವರಣದ ಒತ್ತಡಕ್ಕಿಂತ ನೂರಾರು ಪಟ್ಟು ಒತ್ತಡ. ಆದರೆ ಜಾಗ ಅಷ್ಟು ಚಿಕ್ಕದು, ಹೊತ್ತು ಅಷ್ಟು ಕಡಿಮೆ, ಹಾಗಾಗಿ ಫ್ಲಾಸ್ಕ್ ಮುಟ್ಟಿದರೆ ಬರೀ ಬೆಚ್ಚಗಿರುತ್ತದೆ. ಇದೇನೂ ಹೊಸ ಸುದ್ದಿಯಲ್ಲ, ವಿಜ್ಞಾನಿಗಳಾದ ರಿಚರ್ಡ್ಸ್ ಮತ್ತು ಲೂಮಿಸ್ 1927ರಲ್ಲೇ ಅಲ್ಟ್ರಾಸೌಂಡಿನ ರಾಸಾಯನಿಕ ಪರಿಣಾಮಗಳ ಬಗ್ಗೆ ಬರೆದಿದ್ದರು.

ಇನ್ನು ನ್ಯಾನೊ ಕಣ. ಒಂದು ಸೆಂಟಿಮೀಟರ್ ಘನಕ್ಕೆ 6 ಚದರ ಸೆಂಟಿಮೀಟರ್ ಮೈ. ಅದನ್ನೇ 10 ನ್ಯಾನೊಮೀಟರಿನ (ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಘನಗಳಾಗಿ ಕತ್ತರಿಸಿದರೆ ಒಟ್ಟು 600 ಚದರ ಮೀಟರ್! ಕ್ರಿಯೆ ನಡೆಯುವುದು ಮೈಮೇಲೆ ತಾನೇ. ಒಂದೇ ತೊಂದರೆ, ಈ ಕಣಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಚಾಳಿ, ಮ್ಯಾಗ್ನೆಟೈಟ್‌ಗಂತೂ ಜಾಸ್ತಿ. ಗುಳ್ಳೆ ಕುಸಿದಾಗ ಏಳುವ ಆಘಾತದ ಅಲೆ ಆ ಗಂಟುಗಳನ್ನು ಬಿಡಿಸುತ್ತದೆ.

ಹಸಿರೇ ಅಂತ ಕೇಳಿದ್ದೀರಿ. ಎಥನಾಲ್ ಒಳ್ಳೆಯದು, ಅಯಸ್ಕಾಂತ ಹಿಡಿದು ಕಣಗಳನ್ನು ವಾಪಸ್ ಪಡೆಯುವುದೂ ಒಳ್ಳೆಯದೇ. ಆದರೆ ಆಮೇಲೆ ಶುದ್ಧ ಮಾಡಲು ಹೆಕ್ಸೇನ್, ಈಥೈಲ್ ಅಸಿಟೇಟ್‌ನಂಥ ದ್ರಾವಕ ಲೀಟರ್‌ಗಟ್ಟಲೆ ಸುರಿದು ಕಾಲಂ (ಪುಡಿ ತುಂಬಿದ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವ ವಿಧಾನ) ಓಡಿಸಿದರೆ ಎಲ್ಲಿಯ ಹಸಿರು? ಔಷಧ ತಯಾರಿಕೆಯಲ್ಲಿ ಒಂದು ಕಿಲೋ ಸರಕಿಗೆ 25ರಿಂದ 100 ಕಿಲೋ ಕಸ ಬರುತ್ತದೆ ಎಂದು ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲೇ ಲೆಕ್ಕ ಕೊಟ್ಟಿದ್ದರು, ಅದರಲ್ಲಿ ದ್ರಾವಕದ ಪಾಲು ದೊಡ್ಡದು. ನಿಮ್ಮ ಕ್ರಿಯೆಗೆ ಕಾಲಂ ಹೆಚ್ಚಾಗಿ ಬೇಕಾಗುವುದಿಲ್ಲ. ಬಂದ ವಸ್ತು ಬಿಸಿ ಎಥನಾಲ್‌ನಲ್ಲಿ ಕರಗಿರುವಾಗಲೇ ಅಯಸ್ಕಾಂತ ಹಿಡಿದು ಕಣ ಬೇರೆ ಮಾಡಿ, ಉಳಿದದ್ದನ್ನು ತಣ್ಣಗಾಗಲು ಬಿಡಿ, ಹರಳು ಬರುತ್ತದೆ.

ಇನ್ನೊಂದು ಮಾತು. ಓಡುತ್ತಾ ಓಡುತ್ತಾ ಸೋನಿಕೇಟರ್ ತೊಟ್ಟಿಯ ನೀರೇ ಬಿಸಿಯಾಗುತ್ತದೆ. ಅದೇ ಉಷ್ಣತೆಯಲ್ಲಿ ಶಬ್ದವಿಲ್ಲದೆ, ಸುಮ್ನೆ ಕಲಕಿ ಒಂದು ಪ್ರಯೋಗ ಮಾಡದೆ ‘ಅಲ್ಟ್ರಾಸೌಂಡಿನ ಮಹಿಮೆ’ ಅಂತ ಬರೆಯಬೇಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲು ಕೇಳುವುದೇ ಅದು.

ಪ್ರಶ್ನೆ: ಗರ್ಭಿಣಿಯರ ಸ್ಕ್ಯಾನಿಂಗೂ ಅಲ್ಟ್ರಾಸೌಂಡೇ ಅಲ್ವಾ? ಅಲ್ಲೂ ಹೀಗೆ ಗುಳ್ಳೆ ಏಳುತ್ತಾ?
– ಓದುಗರು, ಶಿರಸಿ

ಉತ್ತರ: ಹೆದರಬೇಡಿ. ಅಲ್ಲಿ ಅಲೆ ಸೆಕೆಂಡಿಗೆ 20ರಿಂದ 50 ಲಕ್ಷ ಸಲ ಕಂಪಿಸುತ್ತದೆ, ಗುಳ್ಳೆಗೆ ಬೆಳೆಯಲು ಪುರುಸೊತ್ತು ಸಿಗುವುದೇ ಕಷ್ಟ. ಶಬ್ದವನ್ನು ಬಿಡುವುದೂ ಚಿಕ್ಕ ಚಿಕ್ಕ ತುಣುಕುಗಳಾಗಿ. ಸ್ಕ್ಯಾನಿಂಗ್ ಯಂತ್ರದ ಪರದೆಯಲ್ಲಿ ‘ಎಂ.ಐ.’ ಅಂತ ಒಂದು ಅಂಕಿ ಇರುತ್ತದಲ್ಲ, ಅದು ಗುಳ್ಳೆಯ ಅಪಾಯದ್ದೇ ಲೆಕ್ಕ, ಡಾಕ್ಟರು ಅದನ್ನು ಆದಷ್ಟು ಕೆಳಗೇ ಇಟ್ಟುಕೊಳ್ಳಬೇಕು.