ಕಾರ್ಪೊರೇಟರ್ ಇಲ್ಲದೇ ಊರು ನಡೆಯಿತೇ?

ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: ಅವರ ಬೀದಿಯಲ್ಲಿ ಮೋರಿ ಮೇಲಿನ ಚಪ್ಪಡಿ ಮುರಿದು ತಿಂಗಳುಗಳೇ ಆಗಿವೆ. ಸರಿಯಾಗಿ ಅದೇ ಜಾಗದಲ್ಲಿ ಬೀದಿದೀಪವೂ ಉರಿಯುವುದಿಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ಮಕ್ಕಳು ಮೊಬೈಲ್ ಟಾರ್ಚ್ ಹಿಡಿದು ದಾಟುತ್ತಾರೆ. ದೂರು ಕೊಟ್ಟರೆ ‘ಅನುದಾನ ಇಲ್ಲ’ ಅನ್ನುವ ಉತ್ತರ. ಹೀಗಿರುವಾಗ ಚೆನ್ನಾಗಿಯೇ ಇದ್ದ ಪಕ್ಕದ ರಸ್ತೆಗೆ ಒಂದು ರಾತ್ರಿ ಬಂದು ಹೊಸ ಡಾಂಬರು ಬಳಿದು ಹೋದರಂತೆ. ಕೊನೆಯಲ್ಲಿ ಅವರು ಕೇಳುತ್ತಾರೆ: “ಐದು ವರ್ಷ ಕಾರ್ಪೊರೇಟರ್‌ಗಳಿಲ್ಲದೇ ಊರು ನಡೆಯಿತು. ಈಗ ಚುನಾವಣೆ ಮಾಡಿ ಐದು ಪಾಲಿಕೆಗಳಿಗೆ 369 ಜನರನ್ನು ಯಾಕೆ ಸಾಕಬೇಕು? ಆ ದುಡ್ಡಲ್ಲಿ ದೀಪ ಹಾಕಿಸಬಹುದಲ್ವಾ? ಒಬ್ಬ ಖಡಕ್ ಐಎಎಸ್ ಅಧಿಕಾರಿ ಇದ್ದರೆ ಸಾಕು.”

ನಿಮ್ಮ ಸಿಟ್ಟು ನ್ಯಾಯವಾದದ್ದು. ಅದು ತಗುಲಿರುವ ಜಾಗ ಮಾತ್ರ ಬೇರೆ ಅನಿಸುತ್ತದೆ.

ಮೊದಲು ಸಾಕುವ ಖರ್ಚಿನ ಮಾತು ಮುಗಿಸೋಣ. ಸುಮ್ನೆ ಲೆಕ್ಕಕ್ಕೆ, ಒಬ್ಬೊಬ್ಬ ಸದಸ್ಯರಿಗೂ ತಿಂಗಳಿಗೆ ಒಂದು ಲಕ್ಷ ಕೊಟ್ಟೆವು ಅಂತಿಟ್ಟುಕೊಳ್ಳಿ. 369 ಜನಕ್ಕೆ ವರ್ಷಕ್ಕೆ ₹44 ಕೋಟಿ ಚಿಲ್ಲರೆ ಆಗುತ್ತದೆ. ಆಗಿನ ನಗರಪಾಲಿಕೆ ಬಿಬಿಎಂಪಿಯ 2025-26ರ ಬಜೆಟ್ ₹19,927 ಕೋಟಿ. ನೂರು ರೂಪಾಯಿಗೆ 22 ಪೈಸೆ. ನಿಮ್ಮ ಬೀದಿಯ ದೀಪ ಆರಿರುವುದು ಈ 22 ಪೈಸೆಯಿಂದ ಅಲ್ಲ. ಉಳಿದ 99 ರೂಪಾಯಿ 78 ಪೈಸೆಯನ್ನು ಯಾರು ಎಲ್ಲಿ ಕೂತು ಹಂಚಿದರು ಅನ್ನುವುದನ್ನು ನೋಡಬೇಕು.

ಚುನಾಯಿತ ಸದಸ್ಯರ ಕೊನೆಯ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕು ಎಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಆಗಲಿಲ್ಲ. ವಾರ್ಡ್ ಗಡಿ ಸರಿಯಾಗಬೇಕು ಅಂದರು. 198 ಇದ್ದದ್ದು 243 ಆಯಿತು, ಸರಕಾರ ಬದಲಾದ ಮೇಲೆ 225 ಆಯಿತು, ಕೊನೆಗೆ 369ಕ್ಕೆ ಬಂತು. ವಾರ್ಡ್ ವಿಂಗಡಣೆಯ ನೆಪದಲ್ಲಿ ಚುನಾವಣೆ ಮುಂದೂಡಬಾರದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತ್ತು. ನಮ್ಮಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಗ್ರೇಟರ್ ಬೆಂಗಳೂರು ಕಾಯ್ದೆ ಬಂದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಶುರುವಾದಾಗಲೂ ಒಂದು ಕಡೆಯೂ ಚುನಾಯಿತ ಸಭೆ ಇರಲಿಲ್ಲ. ಈ ವಿಷಯದಲ್ಲಿ ಬಿಜೆಪಿ, ಕಾಂಗ್ರೆಸ್ ಎರಡಕ್ಕೂ ಭಿನ್ನಾಭಿಪ್ರಾಯ ಇದ್ದಂತೆ ಕಾಣಲಿಲ್ಲ.

ನಡುವಿನ ವರ್ಷಗಳಲ್ಲಿ ಬಜೆಟ್ ಹೇಗೆ ಬಂತು ಗೊತ್ತಾ? ಮೊದಲು ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ಕೌನ್ಸಿಲ್‌ನಲ್ಲಿ ಬಜೆಟ್ ಓದುತ್ತಿದ್ದರು. ಆಮೇಲೆ ದಿನಗಟ್ಟಲೆ ಗಲಾಟೆ. ‘ನಮ್ಮ ವಾರ್ಡ್‌ಗೆ ಏನೂ ಇಲ್ಲ’ ಎಂದು ಒಬ್ಬರು ಪ್ರತಿ ಹರಿದರೆ, ಇನ್ನೊಬ್ಬರು ಮೇಯರ್ ಮುಂದೆ ಧರಣಿ ಕೂರುತ್ತಿದ್ದರು. ನೋಡಲು ಚೆಂದ ಇರಲಿಲ್ಲ, ಒಪ್ಪುತ್ತೇನೆ. 2022ರಲ್ಲಿ ಏನಾಯಿತು ನೋಡಿ. ಮಾರ್ಚ್ 31ರ ತಡರಾತ್ರಿ, ಊರೆಲ್ಲ ಮಲಗಿದ್ದಾಗ, ಸುಮಾರು ₹10,480 ಕೋಟಿಯ ಬಜೆಟ್ಟನ್ನು ವೆಬ್‌ಸೈಟ್‌ಗೆ ಹಾಕಿ ಕೈ ತೊಳೆದುಕೊಂಡರು. ಗಲಾಟೆ ಇಲ್ಲ, ಧರಣಿ ಇಲ್ಲ, ಪ್ರಶ್ನೆಯೂ ಇಲ್ಲ. 2024-25ರಲ್ಲಿ ₹12,369 ಕೋಟಿ ಇದ್ದದ್ದು ಮರುವರ್ಷ ₹19,927 ಕೋಟಿಗೆ ಹಾರಿತು. ಒಂದೇ ವರ್ಷಕ್ಕೆ ಅರವತ್ತು ಪರ್ಸೆಂಟ್ ಜಾಸ್ತಿ. ಯಾಕೆ, ಯಾವುದಕ್ಕೆ ಎಂದು ಎದ್ದು ನಿಂತು ಕೇಳುವ ಹಕ್ಕಿದ್ದ ಒಬ್ಬ ಸದಸ್ಯನೂ ಆ ಕೋಣೆಯಲ್ಲಿ ಇರಲಿಲ್ಲ. ಊರು ನಡೆಯಿತು ಅನ್ನುತ್ತೀರಿ. ಹೀಗೆ ನಡೆಯಿತು.

ಇನ್ನು ನಿಮ್ಮ ಡಾಂಬರಿನ ಪ್ರಶ್ನೆ. ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ, ಯಾಕೆಂದರೆ ಉತ್ತರ ಪೂರ್ತಿ ಅದರಲ್ಲೇ ಇದೆ. ಚೆನ್ನಾಗಿರುವ ರಸ್ತೆಗೆ ದುಡ್ಡು ಸಿಗುತ್ತದೆ, ಮುರಿದ ಚಪ್ಪಡಿಗೆ ಸಿಗುವುದಿಲ್ಲ. ಇದರಲ್ಲಿ ಕಳ್ಳತನ ಇರಬಹುದು, ಇಲ್ಲದೆಯೂ ಇರಬಹುದು. ಕಳ್ಳತನ ಇಲ್ಲದಿದ್ದರೂ ಹೀಗೇ ಆಗುತ್ತದೆ ಅನ್ನುವುದು ಇನ್ನೂ ಬೇಸರದ ವಿಷಯ. ಪಾಲಿಕೆಯಲ್ಲಿ ದುಡ್ಡು ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ. ರಸ್ತೆಗೆ ಒಂದು ಲೆಕ್ಕ, ಮೋರಿಗೆ ಒಂದು, ದೀಪಕ್ಕೆ ಇನ್ನೊಂದು. ಪ್ರತಿ ಕಾಮಗಾರಿಗೂ ಒಂದು ಜಾಬ್ ಕೋಡ್, ಅಂದರೆ ಗುರುತಿನ ಸಂಖ್ಯೆ. ರಾಜ್ಯ ಸರಕಾರದ ವಿಶೇಷ ಅನುದಾನ ಬಂದರೆ ಅದು ವಿಧಾನಸಭಾ ಕ್ಷೇತ್ರದ ಲೆಕ್ಕದಲ್ಲಿ ಬರುತ್ತದೆ, ಕಾಮಗಾರಿಗಳನ್ನು ಒಟ್ಟುಗೂಡಿಸಿ ಪ್ಯಾಕೇಜ್ ಮಾಡುತ್ತಾರೆ. ಡಾಂಬರು ಪ್ಯಾಕೇಜ್‌ಗೆ ಹೇಳಿ ಮಾಡಿಸಿದ ಕೆಲಸ. ಉದ್ದ, ಅಗಲ, ದಪ್ಪ, ಈ ಮೂರು ಅಳತೆ ಎಂ.ಬಿ. ಪುಸ್ತಕಕ್ಕೆ, ಅಂದರೆ ಕಾಮಗಾರಿಯ ಅಳತೆ ಪುಸ್ತಕಕ್ಕೆ, ಏರಿದರೆ ಬಿಲ್ ತಯಾರು. ಮಾರ್ಚ್ ಒಳಗೆ ಅನುದಾನ ಖರ್ಚಾಗಬೇಕಿದ್ದರೆ ಇದಕ್ಕಿಂತ ಸಲೀಸಾದದ್ದು ಸಿಗುವುದಿಲ್ಲ.

ಚಪ್ಪಡಿ ಹಾಗಲ್ಲ. ತೆಗೆದರೆ ಕೆಳಗೆ ಜಲಮಂಡಳಿಯ ಪೈಪು ಇರಬಹುದು, ಬೆಸ್ಕಾಂ ಕೇಬಲ್ ಇರಬಹುದು, ಯಾರೋ ಎಳೆದ ಇಂಟರ್ನೆಟ್ ವೈರು ಇರಬಹುದು. ದೀಪದ ಕಥೆಯೂ ಅಷ್ಟೇ: ಬಲ್ಬು ಪಾಲಿಕೆಯದು, ಕರೆಂಟು ಬೆಸ್ಕಾಂನದು, ಕಂಬ ಯಾರದು ಅನ್ನುವುದಕ್ಕೇ ಎರಡು ಪತ್ರ ಓಡಾಡಬೇಕು. ಮೊತ್ತ ನೋಡಿದರೆ ಕೆಲವು ಸಾವಿರ. ಇಷ್ಟು ಚಿಕ್ಕ ಕೆಲಸಕ್ಕೆ ಗುತ್ತಿಗೆದಾರ ಬರುವುದಿಲ್ಲ, ಇಂಜಿನಿಯರ್‌ಗೆ ಹೆಸರು ಬರುವುದಿಲ್ಲ, ಉದ್ಘಾಟನೆಗೆ ಟೇಪೂ ಕಟ್ಟುವುದಿಲ್ಲ.

ಬೆಂಗಳೂರು ನಗರಕ್ಕೆ 28 ಶಾಸಕರು. ಒಬ್ಬೊಬ್ಬರ ಕೆಳಗೆ ಲಕ್ಷಗಟ್ಟಲೆ ಜನ. ನಿಮ್ಮ ಚಪ್ಪಡಿ ಶಾಸಕರಿಗೆ ತೀರಾ ಚಿಕ್ಕದು, ಆಯುಕ್ತರಿಗೆ ಕಾಣುವುದೇ ಇಲ್ಲ. ಕೌನ್ಸಿಲ್ ಇಲ್ಲದ ಐದು ವರ್ಷದಲ್ಲಿ ಆಯುಕ್ತರ ಕುರ್ಚಿಯಲ್ಲಿ ನಾಲ್ವರು ಕೂತರು. ಅವರಲ್ಲಿ ಖಡಕ್ ಅನ್ನಿಸಿಕೊಂಡವರೂ ಇದ್ದರು. ಆದರೆ ಖಡಕ್ ಅಧಿಕಾರಿಗೆ ನಾಳೆ ವರ್ಗಾವಣೆ ಆದರೆ ನಿಮ್ಮ ಅರ್ಜಿ ಮತ್ತೆ ಮೊದಲನೇ ಟೇಬಲ್‌ಗೆ. ಕೌನ್ಸಿಲ್ ಹೋದ ಮೇಲೆ ವಾರ್ಡ್‌ಗೊಬ್ಬ ನೋಡಲ್ ಅಧಿಕಾರಿ ಎಂದೂ ಮಾಡಿದರು. ನಿಮ್ಮ ವಾರ್ಡ್‌ನ ನೋಡಲ್ ಅಧಿಕಾರಿ ಯಾರಾಗಿದ್ದರು, ಹೇಳಿ ನೋಡೋಣ. ಕಾರ್ಪೊರೇಟರ್ ಹೆಸರಾದರೆ ಹಾಲಿನ ಬೂತಿನ ಹುಡುಗನಿಗೂ ಗೊತ್ತಿರುತ್ತಿತ್ತು, ಮನೆ ಎಲ್ಲಿದೆ ಅನ್ನುವುದೂ ಸೇರಿ.

‘ಅವರೆಲ್ಲ ತಿನ್ನುವವರೇ’ ಎಂದು ನೀವು ಎರಡು ಕಡೆ ಅಡಿಗೆರೆ ಎಳೆದು ಬರೆದಿದ್ದೀರಿ. ಕಾರ್ಪೊರೇಟರ್‌ಗಳು ಸಾಧುಗಳು ಎಂದು ವಾದಿಸುವ ಧೈರ್ಯ ನನಗಿಲ್ಲ. ಆದರೆ ಒಂದು ನೆನಪಿಡಿ. ಮಲ್ಲೇಶ್ವರ, ಗಾಂಧಿನಗರ, ರಾಜರಾಜೇಶ್ವರಿನಗರದ ಬೋಗಸ್ ಬಿಲ್ ಹಗರಣ ಸಿಐಡಿವರೆಗೆ ಹೋಯಿತಲ್ಲ, ಅದು 2008ರಿಂದ 2011ರ ನಡುವಿನ ಕಾಮಗಾರಿಗಳದ್ದು. 2006ರ ಕೊನೆಯಿಂದ 2010ರ ಏಪ್ರಿಲ್‌ವರೆಗೆ ಕೌನ್ಸಿಲ್ ಇರಲೇ ಇಲ್ಲ, ಆಡಳಿತಾಧಿಕಾರಿಯ ಕಾಲ ಅದು. ತಿನ್ನುವುದಕ್ಕೆ ಕೌನ್ಸಿಲ್ ಬೇಕೇ ಬೇಕು ಅಂತೇನಿಲ್ಲ.

ಕೌನ್ಸಿಲ್ ಇದ್ದಾಗ ದೊಡ್ಡ ತೀರ್ಮಾನಗಳು ಅಲ್ಲೇ ಆಗುತ್ತಿದ್ದವಾ ಅಂದರೆ ಅದೂ ಇಲ್ಲ. 2016ರ ಸ್ಟೀಲ್ ಫ್ಲೈಓವರ್ ನೆನಪಿರಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ, ₹1,791 ಕೋಟಿ, 812 ಮರ. ಯೋಜನೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು (ಬಿಡಿಎ), ತೀರ್ಮಾನ ವಿಧಾನಸೌಧದ್ದು. ಆಗ ಪಾಲಿಕೆಯಲ್ಲಿ 198 ಸದಸ್ಯರು ಇದ್ದರು, ಆದರೆ ಅದನ್ನು ನಿಲ್ಲಿಸಿದ್ದು ಅಕ್ಟೋಬರ್‌ನಲ್ಲಿ ರಸ್ತೆ ಬದಿ ಕೈ ಕೈ ಹಿಡಿದು ‘ಬೇಡ’ ಎಂದು ನಿಂತ ಜನ. 2017ರ ಮಾರ್ಚ್‌ನಲ್ಲಿ ಸರಕಾರ ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ, ₹17,000 ಕೋಟಿಗೂ ಮೀರಿದ ಅಂದಾಜು. ಅದಕ್ಕೆ ಬಿ-ಸ್ಮೈಲ್ ಅನ್ನುವ ಪ್ರತ್ಯೇಕ ಕಂಪನಿ ಇದೆ. ಐದು ಪಾಲಿಕೆಗಳ ಮೇಲೆ ಕೂತಿರುವ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ನೀರು 1964ರಿಂದ ಜಲಮಂಡಳಿಯದು, ಪೊಲೀಸು ಗೃಹ ಇಲಾಖೆಯದು. ಹಾಗಾಗಿ ಚುನಾವಣೆ ಆದ ತಕ್ಷಣ ನಿಮ್ಮ ಕಾರ್ಪೊರೇಟರ್ ಸುರಂಗ ನಿಲ್ಲಿಸುತ್ತಾರೆ ಎಂದು ಕಾಯಬೇಡಿ. ಅವರ ಕೈಗೆ ಎಟಕುವುದು ಚಪ್ಪಡಿ, ದೀಪ, ಕಸ, ಫುಟ್‌ಪಾತ್. ನನ್ನ ಪ್ರಕಾರ ಊರಿನ ಜನರ ಕೈಕಾಲು ಉಳಿಯುವುದು ಜಾಸ್ತಿ ಇವುಗಳಿಂದಲೇ.

ಸುರಕ್ಷತೆ ಅಂದ ಕೂಡಲೇ ನಮ್ಮಲ್ಲಿ ಕ್ಯಾಮೆರಾ ಎಣಿಸುತ್ತಾರೆ. ಸೇಫ್ ಸಿಟಿ ಯೋಜನೆಯಲ್ಲಿ ಸಾವಿರಾರು ಕ್ಯಾಮೆರಾ ಬಂದವು. ಬೇಡ ಅನ್ನುವುದಿಲ್ಲ, ಪೊಲೀಸರಿಗೆ ಉಪಯೋಗ ಇದೆ. ಆದರೆ 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಸತ್ತರು. ವಿಧಾನಸೌಧದಿಂದ ಕೂಗಳತೆ ದೂರ. ನೀರು ಹೋಗುವ ದಾರಿ ತೆರೆದಿರಬೇಕಿತ್ತು, ಇಲ್ಲ ಅಂಡರ್‌ಪಾಸ್ ಮುಚ್ಚಿರಬೇಕಿತ್ತು. ಎರಡೂ ಆಗಲಿಲ್ಲ. ಕೌನ್ಸಿಲ್ ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತು ಎಂದು ಹೇಳಲಾರೆ. ಆದರೆ ಮುಂದಿನ ಮಾಸಿಕ ಸಭೆಯಲ್ಲಿ ವಿರೋಧ ಪಕ್ಷದವರು ಆಯುಕ್ತರನ್ನು ನಿಲ್ಲಿಸಿ, ಊರಿನ ಒಂದೊಂದು ಅಂಡರ್‌ಪಾಸ್‌ನ ಹೆಸರು ಹಿಡಿದು ಕೇಳುತ್ತಿದ್ದರು, ಉತ್ತರ ನಡಾವಳಿಗೆ ಏರುತ್ತಿತ್ತು. ಸಭೆಯೇ ಇಲ್ಲದ ಊರಲ್ಲಿ ಪರಿಶೀಲನೆಗೆ ಹೊರಟ ಮಂತ್ರಿಗಳ ಫೋಟೊ ಬಂತು.

ಚುನಾವಣೆವರೆಗೆ ಮಕ್ಕಳು ಟಾರ್ಚ್ ಹಿಡಿದೇ ಓಡಾಡಲಿ ಎಂದು ಹೇಳುವುದಕ್ಕೆ ಈ ಉತ್ತರ ಬರೆಯುತ್ತಿಲ್ಲ. ಚಪ್ಪಡಿ, ದೀಪ ಎರಡಕ್ಕೂ ಪಾಲಿಕೆಯ ಸಹಾಯವಾಣಿ 1533ಕ್ಕೆ ಬೇರೆ ಬೇರೆ ದೂರು ಕೊಡಿ, ಒಂದರಲ್ಲೇ ಸೇರಿಸಬೇಡಿ. ಸೇರಿಸಿದರೆ ಒಂದು ವಿಭಾಗ ಇನ್ನೊಂದರ ಕಡೆ ಕೈ ತೋರಿಸಿ ದೂರನ್ನೇ ಮುಗಿಸಿಬಿಡುತ್ತದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಕನ್ನಡದಲ್ಲೇ. ಚಪ್ಪಡಿ ಯಾಕೆ ಹಾಕಿಲ್ಲ ಎಂದು ಕೇಳಬೇಡಿ. ‘ಯಾಕೆ’ ಅನ್ನುವುದು ಮಾಹಿತಿ ಅಲ್ಲ ಎಂದು ವಾಪಸ್ ಕಳಿಸುತ್ತಾರೆ. ಆ ರಾತ್ರಿ ಡಾಂಬರು ಹಾಕಿದ ಪಕ್ಕದ ರಸ್ತೆಯ ಹೆಸರು ಬರೆದು, ಅದರ ಜಾಬ್ ಕೋಡ್, ಎಂ.ಬಿ. ಪುಸ್ತಕದ ಪ್ರತಿ, ಪಾವತಿಯಾದ ಮೊತ್ತ ಕೇಳಿ. ಆ ರಸ್ತೆಗೆ ಹಿಂದಿನ ಸಲ ಡಾಂಬರು ಹಾಕಿದಾಗಿನ ದೋಷ ಹೊಣೆಗಾರಿಕೆ ಅವಧಿ ಎಂದಿಗೆ ಮುಗಿಯುತ್ತಿತ್ತು ಅನ್ನುವುದನ್ನೂ ಮರೆಯದೇ ಕೇಳಿ. ಅವಧಿ ಮುಗಿದಿಲ್ಲದಿದ್ದರೆ ಹಾಳಾದದ್ದನ್ನು ಹಳೆಯ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿ ಮಾಡಬೇಕಿತ್ತು. ಹಾಳಾಗಿಯೇ ಇರಲಿಲ್ಲ ಎಂದು ನೀವೇ ಬರೆದಿದ್ದೀರಿ, ಹಾಗಾದರೆ ಬಿಲ್ ಯಾವ ಕೆಲಸಕ್ಕೆ ಅನ್ನುವ ಪ್ರಶ್ನೆ ತಾನೇ ಏಳುತ್ತದೆ.

ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಮತ ಕೇಳಲು ಬರುವವರ ಕೈಗೆ ಆ ಕಾಗದದ ಜೆರಾಕ್ಸ್ ಒಂದು ಕೊಡಿ, ‘ಅಭಿವೃದ್ಧಿ ಮಾಡ್ತೀವಿ’ ಅನ್ನುವುದಕ್ಕಿಂತ ಮುಂಚೆಯೇ. ಇನ್ನೊಂದು ಪ್ರತಿ ನಮಗೆ ಕಳಿಸಿ. ಬಿಲ್ಲಿನ ಮೊತ್ತವನ್ನೂ ಚಪ್ಪಡಿಯ ಫೋಟೊವನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.