ಓದುಗರ ಪ್ರಶ್ನೆ: ಮುಂಬಯಿಯ ಮ್ಯೂಸಿಯಂ ನೋಡಲು ಹೊರಟವರಿಗೆ

ಕಾರವಾರದಿಂದ ಒಬ್ಬರು ಕೇಳಿದ್ದಾರೆ: ಶುಕ್ರವಾರ ಸಂಜೆಯ ರೈಲಿಗೆ ಹೊರಟು ಶನಿ, ಭಾನು, ಸೋಮ ಮೂರು ದಿನ ಮುಂಬಯಿಯಲ್ಲಿರುತ್ತೇವೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಘಾರಾಪುರಿ (ಎಲಿಫೆಂಟಾ ದ್ವೀಪ), ಭಾಯಖಳಾದ (ಬೈಕುಲ್ಲಾ) ಮ್ಯೂಸಿಯಂ ಮೂರೂ ಆಗಬೇಕು. ಯಾವ ದಿನ ಯಾವುದಕ್ಕೆ ಹೋಗೋಣ?

ಮೊದಲು ರಜೆಯ ಲೆಕ್ಕ ಹಾಕಿಕೊಳ್ಳಿ. ಘಾರಾಪುರಿಯ ಗುಹೆಗಳು ಮತ್ತು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಸೋಮವಾರ ಮುಚ್ಚಿರುತ್ತವೆ. ಭಾಯಖಳಾದ ಡಾ. ಭಾವೂ ದಾಜಿ ಲಾಡ್ ಮ್ಯೂಸಿಯಂಗೆ ಬುಧವಾರ ರಜೆ. ಶಿವಾಜಿ ಮಹಾರಾಜ್ ಸಂಗ್ರಹಾಲಯ ಮಾತ್ರ, ಜನವರಿ 26, ಆಗಸ್ಟ್ 15ರಂಥ ಕೆಲವೇ ದಿನ ಬಿಟ್ಟರೆ, ವಾರವಿಡೀ ತೆರೆದಿರುತ್ತದೆ. ಆದ್ದರಿಂದ ಅದನ್ನು ಸೋಮವಾರಕ್ಕೇ ಉಳಿಸಿಕೊಳ್ಳಿ. ದೊಡ್ಡದು ಮೊದಲು ಮುಗಿಯಲಿ ಎಂದು ಶನಿವಾರವೇ ಅಲ್ಲಿಗೆ ಹೋದವರು, ಸೋಮವಾರ ಬೆಳಿಗ್ಗೆ ಘಾರಾಪುರಿಯ ಲಾಂಚು ಹೊರಡುವ ಗೇಟ್‌ವೇ ಆಫ್ ಇಂಡಿಯಾದಲ್ಲಿ ಪೆಚ್ಚಾಗಿ ನಿಲ್ಲುತ್ತಾರೆ.

ಶನಿವಾರ ಘಾರಾಪುರಿ. ಲಾಂಚಿನಲ್ಲಿ ಹೋಗಲು ಒಂದು ತಾಸು, ಬರಲು ಒಂದು ತಾಸು, ಮೇಲೆ ಎರಡು ತಾಸು ಎಂದುಕೊಂಡರೂ ಮಧ್ಯಾಹ್ನದ ಹೊತ್ತಿಗೆ ಮರಳಬಹುದು. ಭಾನುವಾರದ ಜನಜಂಗುಳಿ ತಪ್ಪುತ್ತದೆ. ಮಳೆಗಾಲದಲ್ಲಾದರೆ ಈ ದಿನವನ್ನು ನಂಬಿಕೊಳ್ಳಬೇಡಿ. ಸಮುದ್ರ ಎದ್ದರೆ ಲಾಂಚು ಬಿಡುವುದಿಲ್ಲ ಎಂಬುದನ್ನು ಕಾರವಾರದವರಿಗೆ ಬಿಡಿಸಿ ಹೇಳಬೇಕಿಲ್ಲ.

ಭಾನುವಾರ ಭಾಯಖಳಾ. ರಾಣಿಬಾಗ್ ಉದ್ಯಾನದಲ್ಲಿರುವ ಈ ಮ್ಯೂಸಿಯಂ 1872ರಲ್ಲಿ ತೆರೆದದ್ದು. ಪಕ್ಕದ ಪ್ರಾಣಿಸಂಗ್ರಹಾಲಯಕ್ಕೆ ಭಾನುವಾರ ಉದ್ದನೆಯ ಸಾಲಿರುತ್ತದೆ. ಮ್ಯೂಸಿಯಂ ಟಿಕೆಟ್ ಬೇರೆಯೇ, ಗೊತ್ತಿಲ್ಲದೆ ಆ ಸಾಲಿನಲ್ಲಿ ನಿಲ್ಲಬೇಡಿ. ಮ್ಯೂಸಿಯಂ ಹೊರಗಿನ ತೋಟದಲ್ಲಿರುವ ಕಲ್ಲಿನ ಆನೆಯನ್ನು ತಪ್ಪಿಸಬೇಡಿ. ಪೋರ್ಚುಗೀಸರು ಘಾರಾಪುರಿಗೆ ಎಲಿಫೆಂಟಾ ಎಂದು ಹೆಸರಿಟ್ಟದ್ದೇ ಈ ಆನೆಯನ್ನು ಕಂಡು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಒಡೆದುಹೋಯಿತು; ಆಮೇಲೆ ಚೂರುಗಳನ್ನು ಜೋಡಿಸಿ ಇಲ್ಲಿ ನಿಲ್ಲಿಸಿದರು. ಹಿಂದಿನ ದಿನ ದ್ವೀಪ ನೋಡಿ ಬಂದವರಿಗೆ ಈ ಆನೆ ಬೇರೆಯೇ ಆಗಿ ಕಾಣುತ್ತದೆ.

ಭಾನುವಾರ ಲೋಕಲ್ ರೈಲಿಗೆ ಮೆಗಾಬ್ಲಾಕ್ ಇರುತ್ತದೆ, ಅಂದರೆ ಹಳಿ ದುರಸ್ತಿಗಾಗಿ ಹಗಲು ನಾಲ್ಕೈದು ತಾಸು ಕೆಲವು ಮಾರ್ಗಗಳು ಬಂದ್. ಯಾವ ಮಾರ್ಗ ಎಂಬುದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಊರಿಂದ ತಂದ ದೊಡ್ಡ ಚೀಲಗಳನ್ನು ಮ್ಯೂಸಿಯಂವರೆಗೆ ಹೊರಬೇಡಿ, ಅಲ್ಲಿನ ಚೀಲದ ಕೌಂಟರ್ ಕೈಚೀಲಕ್ಕೆ ಸಾಕು, ಸೂಟ್‌ಕೇಸಿಗಲ್ಲ. ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ಬೀಗ ಹಾಕದ ಚೀಲ ತೆಗೆದುಕೊಳ್ಳುವುದಿಲ್ಲ, ಟಿಕೆಟ್ಟೂ ಗುರುತಿನ ಚೀಟಿಯೂ ಕೈಯಲ್ಲಿರಲಿ.

ಹೊನ್ನಾವರದಿಂದ: ಐಹೊಳೆಯ ಶಿಲ್ಪಗಳು ಮುಂಬಯಿಯಲ್ಲಿವೆ ಎನ್ನುತ್ತಾರೆ. ನಿಜವೇ? ನಮ್ಮ ಶಿಲ್ಪ ಅಲ್ಲಿಗೆ ಹೋದದ್ದು ಹೇಗೆ?

ನಿಜ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ 7ನೇ ಶತಮಾನದ ಚಾಲುಕ್ಯ ಶಿಲ್ಪಫಲಕಗಳು ಶಿವಾಜಿ ಮಹಾರಾಜ್ ಸಂಗ್ರಹಾಲಯದ ಶಿಲ್ಪ ಗ್ಯಾಲರಿಯಲ್ಲಿವೆ: ಋಷಿಗಳ ನಡುವೆ ಬ್ರಹ್ಮ, ಶೇಷನ ಮೇಲೆ ವಿಷ್ಣು, ಪಾರ್ವತಿಯೊಂದಿಗೆ ಶಿವ. ಹೋದದ್ದು ಹೇಗೆಂಬುದಕ್ಕೆ ಹಳೆಯ ನಕ್ಷೆಯಲ್ಲಿ ಉತ್ತರವಿದೆ. ಐಹೊಳೆ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ನಮ್ಮ ಉತ್ತರ ಕನ್ನಡವೂ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿ 1956ರವರೆಗೆ ಅಲ್ಲೇ ಇತ್ತು. ಈ ಮ್ಯೂಸಿಯಂ 1922ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಅದರ ಹೆಸರೇ ‘ಪಶ್ಚಿಮ ಭಾರತದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ’. ಆ ‘ಪಶ್ಚಿಮ ಭಾರತ’ದೊಳಗೆ ಹೊನ್ನಾವರವೂ ಇತ್ತು. ಕಟ್ಟಡದಲ್ಲೂ ವಿಜಾಪುರವಿದೆ: ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಒಳಗಿನ ಗುಮ್ಮಟದ ಕಮಾನುಗಳಿಗೆ ಗೋಲಗುಮ್ಮಟವನ್ನು ಮಾದರಿ ಮಾಡಿಕೊಂಡ. ನಡುಕೋಣೆಯಲ್ಲಿ ನಿಂತು ಕತ್ತೆತ್ತಿ ನೋಡಿ.

ಫಲಕಗಳನ್ನು ನೋಡುವಾಗ ಒಂದು ಮಾತು ನೆನಪಿಡಿ. ಅವು ಈಗ ನಮ್ಮ ಕಣ್ಣೆದುರು ನೆಟ್ಟಗೆ ನಿಂತಿವೆ; ಶಿಲ್ಪಿ ಕೆತ್ತಿದ್ದು ತಲೆಯ ಮೇಲೆ ಮಲಗಿಸಲು. ಗುಡಿಯ ಅರೆಗತ್ತಲೆಯಲ್ಲಿ, ಬಾಗಿಲಿನಿಂದ ಒಂದೇ ಬದಿಗೆ ಬೀಳುವ ಬೆಳಕಿನಲ್ಲಿ, ಕೆಳಗೆ ನಿಂತವನಿಗೆ ಕಾಣಬೇಕಿತ್ತು. ಎದುರಿಗೆ ನಿಂತು ನೋಡಿದರೆ ಎಲ್ಲವೂ ಒಮ್ಮೆಗೇ ಕಂಡು ಮುಗಿದುಹೋಗುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ, ಆಗ ಉಬ್ಬು ಎಷ್ಟು ಆಳವಿದೆ ಎಂಬುದು ನೆರಳಿನಲ್ಲಿ ಗೊತ್ತಾಗುತ್ತದೆ. ಬ್ರಹ್ಮನ ಮೂರು ಮುಖಗಳನ್ನು ಎಣಿಸಿ ಮುಂದೆ ಹೋಗಬೇಡಿ. ಸುತ್ತಲಿನ ಋಷಿಗಳ ಕೈಗಳು ಯಾವ ಕಡೆ ತಿರುಗಿವೆ ನೋಡಿ. ಹತ್ತು ನಿಮಿಷ ಇದಕ್ಕೇ ಕೊಡಿ, ಉಳಿದ ಗ್ಯಾಲರಿ ಕಾಯುತ್ತದೆ.

ಶಿರಸಿಯಿಂದ: ಮ್ಯೂಸಿಯಂನಲ್ಲಿ ಮಿನಿಯೇಚರ್ ಚಿತ್ರಗಳ (ಕೈಯಲ್ಲಿ ಬರೆದ ಹಳೆಯ ಪುಟ್ಟ ಚಿತ್ರಗಳ) ಕೋಣೆ ಯಾಕಷ್ಟು ಕತ್ತಲೆ? ದುಡ್ಡು ಕೊಟ್ಟು ಹೋದವರಿಗೆ ಚಿತ್ರವೇ ಕಾಣದಿದ್ದರೆ ಹೇಗೆ?

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಕಾಗದ ಮತ್ತು ಬಟ್ಟೆಯ ಮೇಲಿನ ಚಿತ್ರಗಳಿಗೆ ಜಗತ್ತಿನ ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 50 ಲಕ್ಸ್ ಬೆಳಕು (ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ತೈಲಚಿತ್ರಕ್ಕೆ 200ರ ಹತ್ತಿರ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಮತ್ತೆ ವಾಸಿಯಾಗುವುದಿಲ್ಲ. ಲೆಕ್ಕ ನೋಡಿ: 50 ಲಕ್ಸ್, ದಿನಕ್ಕೆ 8 ತಾಸು, ವರ್ಷಕ್ಕೆ 300 ದಿನ, ಒಟ್ಟು 1,20,000 ಲಕ್ಸ್-ತಾಸು. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ನೀವು ಅಡಿಕೆ ಒಣಹಾಕುವ ಅಂಗಳದಲ್ಲಿ ಆ ಚಿತ್ರವನ್ನು ಒಂದೂಕಾಲು ತಾಸು ಇಟ್ಟರೆ, ಅದು ಮ್ಯೂಸಿಯಂನಲ್ಲಿ ಒಂದು ವರ್ಷ ಪೂರ್ತಿ ಕಾಣುವ ಬೆಳಕನ್ನು ಉಂಡುಬಿಡುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣದ ಹಾನಿ ಮತ್ತೆ ಬೇರೆ.

ಎಲ್ಲ ಬಣ್ಣವೂ ಒಂದೇ ರೀತಿ ಮಾಸುವುದಿಲ್ಲ. ಅರಗಿನಿಂದ, ಗಿಡಗಳಿಂದ ತೆಗೆದ ಬಣ್ಣಗಳು ಬೇಗ ಬಾಡುತ್ತವೆ, ಮಣ್ಣು ಮತ್ತು ಕಲ್ಲಿನ ಬಣ್ಣಗಳು ಗಟ್ಟಿ. ನಿಮ್ಮೂರಿನ ಮಾರಿಕಾಂಬೆಯ ಗುಡಿಯಲ್ಲಿ ಹೆಸರಾದ ಕಾವಿ ಚಿತ್ರವನ್ನೇ ತೆಗೆದುಕೊಳ್ಳಿ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು, ಗೀರಿ ತೆಗೆದಲ್ಲಿ ಬಿಳಿ. ಬೆಳಕು ಅದನ್ನು ಏನೂ ಮಾಡದು. ಅದಕ್ಕೆ ಶತ್ರು ನಮ್ಮ ಮಳೆಗಾಲದ ತೇವ, ಜತೆಗೆ ಮೇಲೆ ಬಳಿಯುವ ಹೊಸ ಪೇಂಟು.

ಕಾಣುವಂತೆ ಮಾಡಿಕೊಳ್ಳಲು ಉಪಾಯಗಳಿವೆ. ಬಿಸಿಲಿನಿಂದ ಬಂದವರೇ ಸೀದಾ ಆ ಕೋಣೆಗೆ ನುಗ್ಗಬೇಡಿ. ಶಿಲ್ಪದ ಕೋಣೆ ನೋಡಿ ಹೋಗಿ. ಒಳಗೆ ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ನಡುವೆ ಮೊಬೈಲ್ ನೋಡಿದಿರೋ, ಮತ್ತೆ ಮೊದಲಿನಿಂದ ಐದು ನಿಮಿಷ. ಬಿಳಿ ಅಂಗಿ ಗಾಜಿನಲ್ಲಿ ಪ್ರತಿಫಲಿಸಿ ಚಿತ್ರ ಮುಚ್ಚುತ್ತದೆ, ಗಾಢ ಬಣ್ಣದ್ದು ಹಾಕಿಕೊಂಡು ಹೋಗಿ. ಓದುವ ಕನ್ನಡಕ ಮರೆಯಬೇಡಿ. ಈ ಚಿತ್ರಗಳು ಕೈಯಲ್ಲಿ ಹಿಡಿದು ನೋಡಲೆಂದೇ ಬರೆದವು, ಒಂದಡಿ ದೂರಕ್ಕೆ ಮುಖ ಒಯ್ದರೇ ಕುದುರೆಯ ಬಾಲದ ಒಂದೊಂದು ಎಳೆ ಬಿಡಿಬಿಡಿಯಾಗಿ ಕಾಣುವುದು. ಗಾಜಿಗೆ ಮಾತ್ರ ಮೂಗು ತಾಗಿಸಬೇಡಿ.

ಕುಮಟಾದ ಶಿಕ್ಷಕಿಯೊಬ್ಬರು: ಎಂಟನೆಯ ತರಗತಿಯ 42 ಮಕ್ಕಳನ್ನು ಕರೆದೊಯ್ಯುತ್ತಿದ್ದೇವೆ. ಗಲಾಟೆಯಿಲ್ಲದೆ ತೋರಿಸುವುದು ಹೇಗೆ?

ಶಾಲೆಯ ಲೆಟರ್‌ಹೆಡ್‌ನಲ್ಲಿ ಮಕ್ಕಳ ಸಂಖ್ಯೆ, ದಿನ, ಹೊತ್ತು ಬರೆದು ಮೊದಲೇ ಕಳಿಸಿ. ರಿಯಾಯಿತಿಗೂ ಅದು ಬೇಕು. 42 ಮಕ್ಕಳು ಒಂದೇ ಸಾಲಿನಲ್ಲಿ ಹೋದರೆ ಏನಾಗುತ್ತದೆಂದರೆ, ಮುಂದಿನ ಹತ್ತು ಮಂದಿ ನೋಡುತ್ತಾರೆ, ಉಳಿದವರು ಮುಂದಿನವರ ಬೆನ್ನು ನೋಡುತ್ತಾರೆ. ಮೊದಲ ಕೋಣೆಗೇ ಮುಕ್ಕಾಲು ತಾಸು ಹೋಗಿ ಕೊನೆಯದನ್ನು ಓಡುತ್ತಾ ದಾಟುತ್ತಾರೆ. ಹತ್ತು–ಹನ್ನೊಂದರಂತೆ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಒಬ್ಬ ದೊಡ್ಡವರು. ಒಂದು ಗುಂಪು ಶಿಲ್ಪದಿಂದ, ಇನ್ನೊಂದು ಪ್ರಾಣಿಪಕ್ಷಿಗಳ ವಿಭಾಗದಿಂದ, ಮತ್ತೊಂದು ಆಯುಧಗಳಿಂದ, ಹೀಗೆ ಬೇರೆಬೇರೆ ಕಡೆ ಶುರು ಮಾಡಲಿ. ಒಟ್ಟು ಒಂದೂವರೆ ತಾಸು ಸಾಕು. ಫಲಕದ ಬರಹವನ್ನು ನೋಟ್‌ಬುಕ್ಕಿಗೆ ಇಳಿಸುವ ಕೆಲಸ ದಯವಿಟ್ಟು ಕೊಡಬೇಡಿ. ತಲೆ ಎತ್ತುವುದೇ ಇಲ್ಲ. ಒಂದು ವಸ್ತು ಆರಿಸಿ ಚಿತ್ರ ಬರೆಯಲು ಹೇಳಿ. ಪೆನ್ಸಿಲ್ ಮಾತ್ರ, ಪೆನ್ನು ಬೇಡ: ವಸ್ತುವಿನ ಮೇಲೆ ಶಾಯಿ ಚಿಮ್ಮಿದರೆ ತೆಗೆಯಲಾಗದು. ಊಟದ ಡಬ್ಬಿ ಬಸ್ಸಿನಲ್ಲೇ ಇರಲಿ.

ಭಟ್ಕಳದಿಂದ: ಅಮ್ಮನಿಗೆ 72, ಮೊಣಕಾಲು ನೋವು. ಘಾರಾಪುರಿಗೆ ಕರೆದೊಯ್ಯಬಹುದೇ?

ಗುಹೆಗೆ ಸುಮಾರು 120 ಮೆಟ್ಟಿಲು. ಧಕ್ಕೆಯಿಂದ ಮೆಟ್ಟಿಲ ಬುಡದವರೆಗೆ ಪುಟಾಣಿ ರೈಲಿದೆ. ಮೇಲೆ ಹೋಗಲು ಕುರ್ಚಿಯಲ್ಲಿ ಹೊತ್ತೊಯ್ಯುವ ಡೋಲಿಯವರು ಸಿಗುತ್ತಾರೆ, ಹತ್ತುವ ಮೊದಲೇ ಹೋಗಿ ಬರುವ ದರ ಮಾತಾಡಿಕೊಳ್ಳಿ. ನಿಜವಾದ ತೊಂದರೆ ಮೆಟ್ಟಿಲಲ್ಲ, ಗೇಟ್‌ವೇಯಲ್ಲಿ ಲಾಂಚು ಹತ್ತುವುದು. ಅಲ್ಲಿ ಲಾಂಚು ಅಲುಗುತ್ತಿರುತ್ತದೆ, ಒಮ್ಮೊಮ್ಮೆ ಒಂದು ಲಾಂಚು ದಾಟಿ ಇನ್ನೊಂದಕ್ಕೆ ಕಾಲಿಡಬೇಕು. ಇಳಿತದ ಹೊತ್ತಿಗೆ ಕೆಳಗಿನ ಮೆಟ್ಟಿಲುಗಳು ಪಾಚಿಗಟ್ಟಿ ಜಾರುತ್ತವೆ, ಆ ದಿನದ ಭರತ-ಇಳಿತ ನೋಡಿಕೊಂಡು ಹೊರಡಿ. ಇಷ್ಟು ಆಗದೆಂದರೆ ಶಿವಾಜಿ ಮಹಾರಾಜ್ ಸಂಗ್ರಹಾಲಯವೇ ಅಮ್ಮನಿಗೆ ಸರಿ: ಲಿಫ್ಟ್ ಇದೆ, ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ.

ಅಂಕೋಲೆಯಿಂದ: ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋದರೆ ಚಿತ್ರ ಕೊಳ್ಳಲೇಬೇಕೇ? ಸಂಕೋಚವಾಗುತ್ತದೆ.

ಬೇಕಿಲ್ಲ. ಪ್ರವೇಶ ಉಚಿತ, ನೋಡಲು ಬರುವವರೇ ಹೆಚ್ಚು. ಕಲಾವಿದರು ಬಹುಮಟ್ಟಿಗೆ ಅಲ್ಲೇ ಕುಳಿತಿರುತ್ತಾರೆ. ಬೆಲೆ ಕೇಳುವುದಕ್ಕಿಂತ ಯಾವ ಬಣ್ಣ, ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ ಅವರಿಗೂ ಖುಷಿ. ಪ್ರದರ್ಶನಗಳು ಸಾಮಾನ್ಯವಾಗಿ ಮಂಗಳವಾರ ಶುರುವಾಗಿ ಸೋಮವಾರ ಮುಗಿಯುತ್ತವೆ. ಸೋಮವಾರ ಹೋಗುವವರು ಸಂಜೆಯವರೆಗೆ ಕಾಯದಿರುವುದು ಒಳ್ಳೆಯದು, ಅಷ್ಟು ಹೊತ್ತಿಗೆ ಚಿತ್ರಗಳನ್ನು ಗೋಡೆಯಿಂದ ಇಳಿಸಲು ಶುರು ಮಾಡಿರಬಹುದು.